ತಲಪಾಡಿಯಿಂದ ತಿರುವನಂತಪುರಕ್ಕೆ

2021ರ ಮೇ 24. ತಿರುವನಂತಪುರದ ಪಾಳಯಂನಲ್ಲಿರುವ ವಿಧಾನಸಭೆಯಲ್ಲಿ ಹೊಸ ಸದಸ್ಯರ ಪ್ರಮಾಣವಚನ. ಕೋವಿಡ್ ಎರಡನೇ ಅಲೆಯ ದಿನಗಳವು. ಸದಸ್ಯರೆಲ್ಲ ಮಾಸ್ಕ್ ತೊಟ್ಟು ಕುಳಿತಿದ್ದಾರೆ. ಹಂಗಾಮಿ ಸ್ಪೀಕರ್ ಪಿ.ಟಿ.ಎ. ರಹೀಂ ಅವರ ಎದುರು, ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಬರುತ್ತಾರೆ, ಓದುತ್ತಾರೆ, ಸಹಿ ಹಾಕಿ ತಮ್ಮ ಜಾಗಕ್ಕೆ ಮರಳುತ್ತಾರೆ. ಒಬ್ಬರಾದ ಮೇಲೆ ಒಬ್ಬರದು ಮಲಯಾಳಂ. ನಡುವೆ ಒಂದು ದನಿ ಮಾತ್ರ ಕನ್ನಡದಲ್ಲಿ ಕೇಳಿಸುತ್ತದೆ. ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್, ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬ ಮಾತನ್ನು ಕನ್ನಡದಲ್ಲಿ ಆಡುತ್ತಾರೆ.

ಕರ್ನಾಟಕದಲ್ಲಿ ಇಂಥ ಸುದ್ದಿ ಓದಿದವರಿಗೆ ಖುಷಿಯಾಗುತ್ತದೆ. ಕಾಸರಗೋಡು ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ಭಾಗವಾಗಿತ್ತು, ಅಲ್ಲಿ ಈಗಲೂ ಕನ್ನಡಿಗರಿದ್ದಾರೆ ಎಂಬಷ್ಟು ನಮಗೆಲ್ಲ ಗೊತ್ತು. ಆದರೆ ಆ ಕನ್ನಡಿಗರ ಪರವಾಗಿ ಇಷ್ಟು ವರ್ಷ ತಿರುವನಂತಪುರದಲ್ಲಿ ಕೂತವರು ಯಾರು, ಅವರು ಅಲ್ಲಿ ಏನು ಕೇಳಿದರು, ಏನು ಪಡೆದರು ಎಂಬುದು ಗಡಿಯಿಂದ ಈಚೆಗೆ ಅಷ್ಟಾಗಿ ದಾಟಿ ಬಂದಿಲ್ಲ.

ಮಂಜೇಶ್ವರದ ಶಾಸಕರ ಸಾಲನ್ನು 1957ರಿಂದ ಓದುತ್ತ ಬಂದರೆ ಒಂದು ದೊಡ್ಡ ತಿರುವು ಕಾಣುತ್ತದೆ. ಆರಂಭದ ದಿನಗಳಲ್ಲಿ ಇಲ್ಲಿನ ಮತದಾರರು ತಿರುವನಂತಪುರಕ್ಕೆ ಪ್ರತಿನಿಧಿಯನ್ನು ಕಳಿಸುತ್ತಿದ್ದುದು ತಮ್ಮನ್ನು ಕೇರಳದಿಂದ ಬಿಡಿಸಿಕೊಂಡು ಬರಲಿಕ್ಕೆ. ಆಮೇಲಿನವರು ಹೋದದ್ದು ಅಲ್ಲಿಂದ ತಮ್ಮ ಪಾಲನ್ನು ತರಲಿಕ್ಕೆ. ಈ ಎರಡು ಕೆಲಸಗಳಿಗೆ ಬೇಕಾದ ರಾಜಕಾರಣಿ ಬೇರೆ, ಪಕ್ಷ ಬೇರೆ, ಭಾಷೆಯೂ ಬೇರೆ.

ಎರಡು ಕ್ಷೇತ್ರ, ಎರಡು ದೂರ

ಕೇರಳದ 140 ವಿಧಾನಸಭಾ ಕ್ಷೇತ್ರಗಳ ಪಟ್ಟಿ ಉತ್ತರದಿಂದ ಶುರುವಾಗುತ್ತದೆ. ಹಾಗಾಗಿ ಮಂಜೇಶ್ವರಕ್ಕೆ ಒಂದನೇ ನಂಬರು. ರಾಜಧಾನಿಯ ಅಂಚಿನ ಕಳಕ್ಕೂಟಂ 132ನೆಯದು. ಗಡ್ಡೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಎಂಜಿನಿಯರಿಂಗ್ ಕಾಲೇಜುಗಳಿಂದ ಹೆಸರಾದ ಶ್ರೀಕಾರ್ಯಂ ಎಂಬ ಊರು ಈ ಕ್ಷೇತ್ರದಲ್ಲಿದೆ. ಮೊದಲು ಗ್ರಾಮ ಪಂಚಾಯಿತಿಯಾಗಿದ್ದ ಅದು 2010ರಲ್ಲಿ ತಿರುವನಂತಪುರ ಮಹಾನಗರಪಾಲಿಕೆಗೆ ಸೇರಿತು. ಶ್ರೀಕಾರ್ಯಂನ ಮತದಾರ ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಪ್ರಶ್ನೋತ್ತರ ಶುರುವಾಗುವ ಮೊದಲೇ ವಿಧಾನಸಭೆಯ ಗೇಟಿನ ಹತ್ತಿರ ಇರಬಹುದು.

ಮಂಜೇಶ್ವರದವರಿಗೆ ಅದೇ ಗೇಟು ಸುಮಾರು ಆರುನೂರು ಕಿಲೋಮೀಟರ್ ದೂರ. ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್ಸನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹಿಡಿದರೆ ಇಡೀ ರಾತ್ರಿ ಪ್ರಯಾಣ. 2023ರ ಏಪ್ರಿಲ್‌ನಲ್ಲಿ ಕಾಸರಗೋಡಿನಿಂದ ವಂದೇ ಭಾರತ್ ಹೊರಟ ಮೇಲೆ ಅದು ಎಂಟು ಗಂಟೆಗೆ ಇಳಿದಿದೆ. ಆದರೂ ಒಂದು ಅರ್ಜಿ ಕೊಟ್ಟು ಬರಲು ಎರಡು ದಿನದ ದುಡಿಮೆ ಬಿಡಬೇಕು. ಹಾಗಾಗಿ ಇಲ್ಲಿ ಅರ್ಜಿ ಹೊತ್ತು ಹೋಗುವವರು ಶಾಸಕರೇ. ಸದನ ನಡೆಯುವ ದಿನಗಳಲ್ಲಿ ಅವರು ಊರಿನಲ್ಲಿ ಸಿಗುವುದಿಲ್ಲ. ಊರಿನಲ್ಲಿದ್ದರೆ ಸೆಕ್ರೆಟೇರಿಯಟ್‌ನ ಫೈಲಿನ ಹಿಂದೆ ಬೀಳಲು ಆಗುವುದಿಲ್ಲ.

ಈ ದೂರ ರಾಜಕೀಯ ಜೀವನದ ಗತಿಯನ್ನೂ ನಿರ್ಧರಿಸುತ್ತದೆ. ರಾಜಧಾನಿಗೆ ಅಂಟಿಕೊಂಡ ಕಳಕ್ಕೂಟಂ ದೊಡ್ಡ ನಾಯಕರಿಗೆ ಜಾಗ ಕೊಟ್ಟ ಕ್ಷೇತ್ರ. 1977ರ ಏಪ್ರಿಲ್‌ನಲ್ಲಿ ಕೆ. ಕರುಣಾಕರನ್ ರಾಜೀನಾಮೆಯ ನಂತರ 36ರ ಹರೆಯದ ಎ.ಕೆ. ಆಂಟನಿ ಮುಖ್ಯಮಂತ್ರಿಯಾದಾಗ ಅವರು ಶಾಸಕರಾಗಿರಲಿಲ್ಲ. ಆಗಷ್ಟೇ ಕಳಕ್ಕೂಟಂನಿಂದ ಗೆದ್ದಿದ್ದ ತಲೇಕುನ್ನಿಲ್ ಬಷೀರ್ ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟರು. ಮಾರ್ಕ್ಸ್‌ವಾದಿ ಪಕ್ಷದಿಂದ ಹೊರಬಿದ್ದು ಸ್ವಂತ ಪಕ್ಷ ಕಟ್ಟಿದ ಕಣ್ಣೂರಿನ ಎಂ.ವಿ. ರಾಘವನ್ 1991ರಲ್ಲಿ ಇಲ್ಲಿಂದಲೇ ಗೆದ್ದು ಸಹಕಾರ ಮಂತ್ರಿಯಾದರು. ಸ್ಥಳೀಯರಾದ ಕಡಕಂಪಳ್ಳಿ ಸುರೇಂದ್ರನ್ 1996ರಲ್ಲಿ ಮೊದಲ ಸಲ ಗೆದ್ದು, ಬಳಿಕ ಸ್ಥಾನ ಕಳೆದುಕೊಂಡು, ಪಕ್ಷದ ಜಿಲ್ಲಾ ಕಾರ್ಯದರ್ಶಿಯಾಗಿ ಕಾದು, 2016ರಲ್ಲಿ ಮತ್ತೆ ಗೆದ್ದು ದೇವಸ್ವಂ ಖಾತೆಯ ಮಂತ್ರಿಯಾದರು. 2018ರ ಶಬರಿಮಲೆ ಗಲಾಟೆಯ ಹೊತ್ತಿನಲ್ಲಿ ಆ ಖಾತೆ ಅವರ ಕೈಯಲ್ಲೇ ಇತ್ತು; 2021ರಲ್ಲಿ ಅದೇ ಕ್ಷೇತ್ರ ಅವರನ್ನು ಮತ್ತೆ ಗೆಲ್ಲಿಸಿತು. ಸೋತರೂ ಇಂಥವರು ರಾಜಧಾನಿಯಿಂದ ದೂರವಾಗುವುದಿಲ್ಲ. ಮಂಜೇಶ್ವರದಲ್ಲಿ ಸೋತವರು ಆರುನೂರು ಕಿಲೋಮೀಟರ್ ಹಿಂದಕ್ಕೆ ಬರುತ್ತಾರೆ.

ಮತದಾನವೇ ಇಲ್ಲದ ಮೊದಲ ಗೆಲುವು

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ, ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲ್ಲೂಕು ಕೇರಳದ ಪಾಲಾಯಿತು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾಗಿದ್ದ ಫಜಲ್ ಅಲಿ ಆಯೋಗದ ಶಿಫಾರಸು ಅದು. ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರು ಮಲಯಾಳಿಯಾದ ಕೆ.ಎಂ. ಪಣಿಕ್ಕರ್ ಆಗಿದ್ದುದು ಕನ್ನಡಿಗರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಇನ್ನೂ ಬದುಕಿದ್ದ ಕಾಲ ಅದು. ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈ, ಕಾಸರಗೋಡನ್ನು ಕನ್ನಡನಾಡಿಗೆ ಸೇರಿಸುವ ವಿಲೀನದ ಹೋರಾಟಕ್ಕೆ ಇಳಿದಿದ್ದರು.

ನಾಲ್ಕೇ ತಿಂಗಳಲ್ಲಿ ಕೇರಳದ ಮೊದಲ ವಿಧಾನಸಭಾ ಚುನಾವಣೆ ಬಂತು. ಜಗತ್ತಿನ ಕಣ್ಣು ಆ ಚುನಾವಣೆಯ ಮೇಲಿದ್ದದ್ದು ಕಮ್ಯುನಿಸ್ಟರು ಮತಪೆಟ್ಟಿಗೆಯ ಮೂಲಕ ಅಧಿಕಾರಕ್ಕೆ ಬಂದರೆಂದು. ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದದ್ದು ಮಂಜೇಶ್ವರಕ್ಕೆ ದೂರವಲ್ಲದ ನೀಲೇಶ್ವರದಿಂದ. ಆ ಗದ್ದಲದಲ್ಲಿ ಮಂಜೇಶ್ವರದ ವಿಶೇಷ ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿ ವಿಧಾನಸಭೆಗೆ ಮತದಾನವೇ ನಡೆಯಲಿಲ್ಲ. ಸ್ವತಂತ್ರ ಅಭ್ಯರ್ಥಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಕೇರಳದಲ್ಲಿ ಬೂತು ಬೂತಿಗೂ ಮತಕ್ಕಾಗಿ ಸೆಣಸುವ ರಾಜಕಾರಣವನ್ನು ನೋಡಿದವರಿಗೆ ಇದು ಎಂಥ ಅಪರೂಪದ ಸಂಗತಿ ಎಂದು ತಿಳಿಯುತ್ತದೆ.

126 ಚುನಾಯಿತ ಸದಸ್ಯರ ಆ ಸಭೆಯಲ್ಲಿ ಕಮ್ಯುನಿಸ್ಟರಿಗೆ 60 ಸ್ಥಾನ. ಸರ್ಕಾರ ನಿಂತದ್ದು ಕೆಲವು ಸ್ವತಂತ್ರರ ಬೆಂಬಲದ ಮೇಲೆ. ಸ್ವತಂತ್ರರಾಗಿ ಗೆದ್ದ ವಿ.ಆರ್. ಕೃಷ್ಣ ಅಯ್ಯರ್ ಮಂತ್ರಿಯೂ ಆದರು. ಅಂದರೆ ಪಕ್ಷವಿಲ್ಲದ ಶಾಸಕನಿಗೂ ಅಂದು ತೂಕವಿತ್ತು. ಆದರೆ ಆ ವಿಧಾನಸಭೆ ಬಾಳಲಿಲ್ಲ. 1959ರ ಜುಲೈ 31ರಂದು ಕೇಂದ್ರ ಸರ್ಕಾರ ಇ.ಎಂ.ಎಸ್. ಸರ್ಕಾರವನ್ನು ವಜಾ ಮಾಡಿತು, ಸದನ ವಿಸರ್ಜನೆಯಾಯಿತು. ಮಂಜೇಶ್ವರದ ಮೊದಲ ಶಾಸಕರಿಗೆ ಸಿಕ್ಕಿದ್ದು ಎರಡೂಕಾಲು ವರ್ಷದ ಅವಧಿ.

ಒಂದೇ ಬೇಡಿಕೆಯ ಶಾಸಕರು

1960ರಲ್ಲಿ ಗೆದ್ದವರು ಕಾಸರಗೋಡಿನ ವಕೀಲ ಕಳ್ಳಿಗೆ ಮಹಾಬಲ ಭಂಡಾರಿ. ಅವರ ಹಿಂದೆ ನಿಂತದ್ದು ಕರ್ನಾಟಕ ಸಮಿತಿ. ಸಮಿತಿಯ ಗುರಿ ಒಂದೇ: ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರಬೇಕು. ಕಾಂಗ್ರೆಸ್, ಕಮ್ಯುನಿಸ್ಟ್ ಎರಡೂ ಪಕ್ಷಗಳ ರಾಜ್ಯ ನಾಯಕತ್ವ ಈ ಬೇಡಿಕೆಯನ್ನು ಒಪ್ಪುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಸಮಿತಿಯವರು ಪಕ್ಷೇತರರಾಗಿಯೇ ನಿಲ್ಲಬೇಕಾಯಿತು.

ವಿಲೀನ ಕೇಳುವ ಶಾಸಕನಿಗೆ ಒಂದು ಕಠಿಣ ತೊಡಕಿದೆ. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ ಮೂರನೇ ವಿಧಿಯಂತೆ ಸಂಸತ್ತಿಗೆ ಸೇರಿದ್ದು. ರಾಜ್ಯದ ಶಾಸನಸಭೆ ಅಭಿಪ್ರಾಯ ಹೇಳಬಹುದು, ಅಷ್ಟೇ. ನೂರಕ್ಕೂ ಹೆಚ್ಚು ಮಂದಿ ಒಂದು ಕಡೆ, ಇವರು ಒಂದು ಕಡೆ. ಗೆಲ್ಲಲಾಗದ ವಾದವನ್ನು, ಅದನ್ನು ಒಪ್ಪದವರ ಮನೆಯಲ್ಲೇ ಕೂತು, ವರ್ಷಗಟ್ಟಲೆ ಮಂಡಿಸುವುದಕ್ಕೆ ಬೇಕಾದ ಛಲವನ್ನು ನಾನು ಗೌರವಿಸುತ್ತೇನೆ. ಭಂಡಾರಿಯವರ ಹೆಸರು ಕರ್ನಾಟಕದ ಏಕೀಕರಣದ ಚರಿತ್ರೆಗಳಲ್ಲಿ ಈಗ ಸಿಗುವುದಕ್ಕಿಂತ ದೊಡ್ಡ ಜಾಗಕ್ಕೆ ಅರ್ಹವಾದದ್ದು.

1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಿಸಿತು. ಬೆಳಗಾವಿಯ ತಕರಾರಿನಿಂದ ಹುಟ್ಟಿದ ಆಯೋಗದ ಮುಂದೆ ಕಾಸರಗೋಡೂ ಬಂತು. ಮುಂದಿನ ವರ್ಷವೇ ಚುನಾವಣೆ. ಮಂಜೇಶ್ವರದಲ್ಲಿ ಮಹಾಬಲ ಭಂಡಾರಿ ಮತ್ತೆ ಗೆದ್ದರು. ಪಕ್ಕದ ಕಾಸರಗೋಡು ಕ್ಷೇತ್ರದಲ್ಲಿ ಯು.ಪಿ. ಕುಣಿಕುಳ್ಳಾಯ ಗೆದ್ದರು. ಕೇರಳದ ಉತ್ತರ ತುದಿಯ ಎರಡೂ ಕ್ಷೇತ್ರಗಳು ಒಟ್ಟಿಗೆ ವಿಲೀನವಾದಿಗಳ ಕೈಗೆ ಬಂದ ವರ್ಷ ಅದು. ಅದೇ 1967ರ ಆಗಸ್ಟ್‌ನಲ್ಲಿ ಮಹಾಜನ್ ವರದಿ ಕೊಟ್ಟರು: ಚಂದ್ರಗಿರಿಯ ಉತ್ತರಕ್ಕಿರುವ ಪ್ರದೇಶ ಮೈಸೂರಿಗೆ ಸೇರಬೇಕು.

ಕೇಳಿದ್ದು ಕಾಗದದ ಮೇಲೆ ಸಿಕ್ಕಿತು, ನೆಲದ ಮೇಲೆ ಸಿಗಲಿಲ್ಲ. ಕೇರಳ ವರದಿಯನ್ನು ತಿರಸ್ಕರಿಸಿತು. ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿದ್ದಕ್ಕೆ ಮಹಾರಾಷ್ಟ್ರವೂ ತಿರಸ್ಕರಿಸಿತು. ಕೇಂದ್ರ ಕೈಕಟ್ಟಿ ಕುಳಿತಿತು. ಕರ್ನಾಟಕದ ಸರ್ಕಾರಗಳಿಗೆ ಬೆಳಗಾವಿಯ ಚಿಂತೆಯೇ ದೊಡ್ಡದಾಗಿ, ಕಾಸರಗೋಡು ಭಾಷಣದ ಸಾಲಾಗಿ ಉಳಿಯಿತು. ಎರಡೂ ಸ್ಥಾನ ಗೆದ್ದು, ವರದಿಯನ್ನೂ ಗೆದ್ದ ಮೇಲೆ ಸಮಿತಿಯ ಶಾಸಕರಿಗೆ ಮಾಡಲು ಉಳಿದ ಕೆಲಸ ಯಾವುದು? ಮತದಾರರು ಈ ಪ್ರಶ್ನೆಯನ್ನು ಮುಂದಿನ ಚುನಾವಣೆಯಲ್ಲೇ ಕೇಳಿದರು.

ಗೇಣಿ ಒಕ್ಕಲಿಗೆ ಜಮೀನು, ಕ್ಷೇತ್ರಕ್ಕೆ ಹೊಸ ಪಕ್ಷ

1970ರಲ್ಲಿ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರನ್ನು ಆರಿಸಿತು. ವಿಲೀನದ ಕಾವು ಆರಿತು ಎಂದಷ್ಟೇ ಹೇಳಿ ಇದನ್ನು ಮುಗಿಸುವವರಿದ್ದಾರೆ. ನನಗೆ ಕಾಣುವ ಕಾರಣ ಹೊಲದಲ್ಲಿದೆ.

ಕೇರಳದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1970ರ ಜನವರಿ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ಕೊನೆಗೊಂಡು ಉಳುವವನಿಗೆ ಹಕ್ಕು ಬಂತು. ಆಗ ಮುಖ್ಯಮಂತ್ರಿ ಸಿಪಿಐನ ಸಿ. ಅಚ್ಯುತ ಮೇನನ್. ಗಡಿಯ ಈಚೆ, ದಕ್ಷಿಣ ಕನ್ನಡದ ಚಾಲಗೇಣಿಯ ಒಕ್ಕಲುಗಳು ಇದೇ ಹಕ್ಕಿಗಾಗಿ ದೇವರಾಜ ಅರಸರ ಕಾಯ್ದೆ ಜಾರಿಯಾಗುವ 1974ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ ಈಚೆ ಇರುವ, ಒಂದೇ ತುಳು ಮಾತಾಡುವ, ಒಂದೇ ಭೂತಕ್ಕೆ ಕೋಲ ಕಟ್ಟುವ ಇಬ್ಬರು ಗೇಣಿದಾರರಲ್ಲಿ ಕೇರಳದವನಿಗೆ ಮೊದಲು ಜಮೀನು ಬಂತು. ತಿರುವನಂತಪುರದಿಂದ ಏನಾದರೂ ಬರುತ್ತದೆ ಎಂಬುದು ಅಂದು ಮೊದಲ ಬಾರಿಗೆ ಕಣ್ಣಿಗೆ ಕಂಡಿರಬೇಕು.

ಜಮೀನು ಕಳೆದುಕೊಂಡವರಲ್ಲೂ ಕನ್ನಡಿಗರಿದ್ದರು, ಪಡೆದವರಲ್ಲೂ ಕನ್ನಡಿಗರಿದ್ದರು. ಭಾಷೆ ಒಂದೇ ಎಂಬ ಕಾರಣಕ್ಕೆ ಇಬ್ಬರೂ ಒಂದೇ ಗುರುತಿಗೆ ಮತ ಹಾಕುವ ಕಾಲ ಅಲ್ಲಿಗೆ ಮುಗಿಯಿತು. ತುರ್ತು ಪರಿಸ್ಥಿತಿಯಲ್ಲಿ ಅವಧಿ ವಿಸ್ತರಣೆಯಾದ್ದರಿಂದ ಆ ವಿಧಾನಸಭೆ 1977ರವರೆಗೂ ನಡೆಯಿತು. ಆಗಲೂ ರಾಮಪ್ಪ ಗೆದ್ದರು.

ಅವರ ನಂತರ ಅದೇ ಪಕ್ಷದ ಡಾ. ಎ. ಸುಬ್ಬರಾವ್. 1980ರಲ್ಲಿ ಗೆದ್ದು ಇ.ಕೆ. ನಾಯನಾರ್ ಅವರ ಮೊದಲ ಮಂತ್ರಿಮಂಡಲದಲ್ಲಿ ನೀರಾವರಿ ಸಚಿವರಾದರು. ಕೇರಳದಿಂದ ಬಿಡುಗಡೆ ಕೇಳಲು ಶಾಸಕರನ್ನು ಕಳಿಸಿದ ಕ್ಷೇತ್ರದಿಂದಲೇ ಇಪ್ಪತ್ತು ವರ್ಷಗಳಲ್ಲಿ ಒಬ್ಬ ಕನ್ನಡಿಗ ಕೇರಳದ ಮಂತ್ರಿಯಾದರು. ಅದೇ 1980ರಲ್ಲಿ ಕಾಸರಗೋಡಿನ ಲೋಕಸಭಾ ಸ್ಥಾನವೂ ಮಾರ್ಕ್ಸ್‌ವಾದಿ ಪಕ್ಷದ ಎಂ. ರಾಮಣ್ಣ ರೈ ಅವರಿಗೆ ಸಿಕ್ಕಿತು, ಎ.ಕೆ. ಗೋಪಾಲನ್ ಅವರಂಥವರು ಪ್ರತಿನಿಧಿಸಿದ್ದ ಕ್ಷೇತ್ರ ಅದು. ನಾಯನಾರ್ ಸರ್ಕಾರ 1981ರ ಅಕ್ಟೋಬರ್‌ನಲ್ಲಿ ಬಿದ್ದುದರಿಂದ ಸುಬ್ಬರಾವ್ ಅವರ ಮಂತ್ರಿಗಿರಿ ಎರಡು ವರ್ಷವನ್ನೂ ತಲುಪಲಿಲ್ಲ. 1982ರಲ್ಲಿ ಮತ್ತೆ ಶಾಸಕರಾದರು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದುವರೆಗೆ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಮಂಜೇಶ್ವರದವರು ಕಣ್ಣೂರಿಗೆ ಹೋಗಬೇಕಿತ್ತು.

ಮೂರು ಪಾಲಾದ ಮತ

1987ರಲ್ಲಿ ಕೇರಳವಿಡೀ ಎಡರಂಗದ ಕಡೆ ವಾಲಿತು. ಮಂಜೇಶ್ವರ ಮಾತ್ರ ಎಡರಂಗವನ್ನು ಕೈಬಿಟ್ಟು ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರನ್ನು ಗೆಲ್ಲಿಸಿತು. ಮುಂದೆ 1991, 1996, 2001ರಲ್ಲೂ ಅವರೇ. ಈ ಕ್ಷೇತ್ರವನ್ನು ಇಷ್ಟು ದೀರ್ಘ ಕಾಲ ಹಿಡಿದಿಟ್ಟವರು ಬೇರೊಬ್ಬರಿಲ್ಲ. 2001ರಲ್ಲಿ ಆಂಟನಿ ಸರ್ಕಾರದಲ್ಲಿ ಸ್ಥಳೀಯಾಡಳಿತ ಸಚಿವರಾದರು. ಸುಬ್ಬರಾವ್ ಅವರ ನಂತರ ಮಂಜೇಶ್ವರಕ್ಕೆ ಬಂದ ಮಂತ್ರಿ ಸ್ಥಾನ ಅದು.

ಈ ದೀರ್ಘ ಗೆಲುವಿನ ಕೆಳಗೆ ಮತದಾರರು ಮೂರು ಪಾಲಾಗುತ್ತಿದ್ದರು. ಕೇರಳದ ಹೆಚ್ಚಿನ ಕ್ಷೇತ್ರಗಳಲ್ಲಿ ಪೈಪೋಟಿ ಎಡರಂಗಕ್ಕೂ, ಕಾಂಗ್ರೆಸ್ ಮತ್ತು ಲೀಗು ಇರುವ ಐಕ್ಯರಂಗಕ್ಕೂ. ಇಲ್ಲಿ ಬಿಜೆಪಿ ಎರಡನೇ ಸ್ಥಾನಕ್ಕೆ ಬಂದು, ಎಡರಂಗ ಮೂರಕ್ಕೆ ಇಳಿಯಿತು. ಒಂದು ಕಾಲದಲ್ಲಿ ಸಮಿತಿಗೆ ಬರುತ್ತಿದ್ದ ಕನ್ನಡಿಗರ ಮತ ಎಡಕ್ಕೆ, ಕಾಂಗ್ರೆಸ್ಸಿಗೆ, ಬಿಜೆಪಿಗೆ ಹಂಚಿಹೋಯಿತು. ಮತ ಕೇಳುವಾಗ ಭಾಷೆಗಿಂತ ಧರ್ಮದ ಲೆಕ್ಕ ಮುಂದೆ ಬಂತು. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಒಟ್ಟಿಗೆ ಬಾಳುವ ಈ ನೆಲವನ್ನು ಸಪ್ತಭಾಷಾ ಸಂಗಮ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಏಳು ಭಾಷೆಯ ಊರನ್ನು ಎರಡು ಧರ್ಮದ ಊರಾಗಿ ಎಣಿಸುವ ರಾಜಕಾರಣ ನನಗೆ ನೋವು ತರುತ್ತದೆ.

ಅಂತರಗಳು ಕೂದಲೆಳೆಯಷ್ಟು. 1991ರಲ್ಲಿ ಬಿಜೆಪಿಯ ಕೆ.ಜಿ. ಮಾರಾರ್ ಸೋತದ್ದು 1,072 ಮತಗಳಿಂದ. ರಾಜ್ಯ ಮಟ್ಟದ ನಾಯಕರನ್ನು ಹೊರಗಿನಿಂದ ತಂದು ಇಲ್ಲಿ ನಿಲ್ಲಿಸುವುದು ಅಲ್ಲಿಂದ ರೂಢಿಯಾಯಿತು. ಕಳಕ್ಕೂಟಂಗೆ ನಾಯಕರು ಬಂದದ್ದು ರಾಜಧಾನಿ ಹತ್ತಿರ ಎಂದು. ಮಂಜೇಶ್ವರಕ್ಕೆ ಬಂದದ್ದು ಗೆಲುವು ಹತ್ತಿರ ಎಂದು. 2006ರಲ್ಲಿ ಮಾತ್ರ ಮಾರ್ಕ್ಸ್‌ವಾದಿ ಪಕ್ಷದ ಸಿ.ಎಚ್. ಕುಂಞಂಬು ಈ ತ್ರಿಕೋನವನ್ನು ಒಡೆದು ಗೆದ್ದರು.

2011ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಕ್ಷೇತ್ರವನ್ನು ಮರಳಿ ಪಡೆದರು. 2016ರಲ್ಲಿ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿದ್ದಲ್ಲಿ ಅಂತರ 89. ಸೋತವರ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದ ಮತ 467!

ಸುರೇಂದ್ರನ್ ಹೈಕೋರ್ಟಿಗೆ ಹೋದರು. ಊರಲ್ಲಿಲ್ಲದವರ, ಸತ್ತವರ ಹೆಸರಲ್ಲಿ ಕಳ್ಳಮತ ಬಿದ್ದಿದೆ, ತನ್ನನ್ನೇ ಗೆದ್ದವನೆಂದು ಘೋಷಿಸಬೇಕು ಎಂಬುದು ಅವರ ವಾದ. ವಿಚಾರಣೆ ನಡೆಯುತ್ತಿರುವಾಗಲೇ, 2018ರ ಅಕ್ಟೋಬರ್ 20ರಂದು ರಜಾಕ್ ತೀರಿಕೊಂಡರು. ತಕರಾರು ಅರ್ಜಿ ಬಾಕಿಯಿದ್ದುದರಿಂದ ಉಪಚುನಾವಣೆ ಕೂಡಲೇ ಬರಲಿಲ್ಲ. ಸುರೇಂದ್ರನ್ ಅರ್ಜಿ ಹಿಂದೆಗೆದುಕೊಂಡ ಮೇಲೆ 2019ರ ಅಕ್ಟೋಬರ್ 21ರಂದು ಮತದಾನವಾಯಿತು, ಲೀಗಿನ ಎಂ.ಸಿ. ಕಮರುದ್ದೀನ್ ಗೆದ್ದರು. ಆ ಒಂದು ವರ್ಷ ಒಂದನೇ ನಂಬರಿನ ಕ್ಷೇತ್ರದ ಕುರ್ಚಿ ಖಾಲಿ. ರಾಜಧಾನಿಯಿಂದ ಇಷ್ಟು ದೂರದ ಊರಿಗೆ ಶಾಸಕನಿಲ್ಲದ ವರ್ಷ ಎಂದರೆ ಎಷ್ಟು ಫೈಲುಗಳು ನಿಂತಲ್ಲೇ ನಿಂತವೋ.

ಆ ಉಪಚುನಾವಣೆಯಲ್ಲಿ ಒಂದು ಬದಲಾವಣೆ ಕಂಡಿತು. ಎಡರಂಗ ಯಕ್ಷಗಾನ ಕಲಾವಿದ ಎಂ. ಶಂಕರ ರೈ ಅವರನ್ನೂ, ಬಿಜೆಪಿ ರವೀಶ ತಂತ್ರಿ ಕುಂಟಾರು ಅವರನ್ನೂ ನಿಲ್ಲಿಸಿದವು. ಪಕ್ಷಗಳು ಮತ್ತೆ ನೆಲದ ಭಾಷೆ, ನೆಲದ ಮನುಷ್ಯರನ್ನು ಹುಡುಕತೊಡಗಿದ್ದವು. 2021ರಲ್ಲಿ ಲೀಗು ಸಹ ಹಾಗೇ ಮಾಡಿತು. ಮಂಜೇಶ್ವರ ಬ್ಲಾಕ್ ಪಂಚಾಯಿತಿಯ ಅಧ್ಯಕ್ಷರಾಗಿ ದುಡಿದ ಅಶ್ರಫ್ ಅವರಿಗೆ ಟಿಕೆಟ್ ಕೊಟ್ಟಿತು. ಅವರು 745 ಮತಗಳ ಅಂತರದಲ್ಲಿ ಸುರೇಂದ್ರನ್ ಅವರನ್ನು ಸೋಲಿಸಿದರು.

ಸದನದಲ್ಲಿ ಕನ್ನಡ

ಕೇರಳದ ಸದನದಲ್ಲಿ ಕನ್ನಡ ಮಾತಾಡಬಹುದೇ? ಸಂವಿಧಾನದ 210ನೇ ವಿಧಿ ಹೇಳುವುದಿಷ್ಟು: ಕಲಾಪ ರಾಜ್ಯದ ಅಧಿಕೃತ ಭಾಷೆಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯಬೇಕು, ಆ ಭಾಷೆಗಳಲ್ಲಿ ಸರಿಯಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು. ಬಾಗಿಲು ತೆರೆದಿದೆ, ಕೀಲಿಕೈ ಸ್ಪೀಕರ್ ಬಳಿ ಇದೆ. ಆದರೆ ಮಂತ್ರಿಯಿಂದ ಉತ್ತರ ಪಡೆಯಬೇಕಾದ ಶಾಸಕ ಮಂತ್ರಿಗೆ ತಿಳಿಯುವ ಭಾಷೆಯಲ್ಲೇ ಕೇಳುತ್ತಾನೆ. ಹಾಗಾಗಿ ದಿನನಿತ್ಯದ ಪ್ರಶ್ನೆ, ಸಬ್‌ಮಿಷನ್, ಗಮನ ಸೆಳೆಯುವ ಸೂಚನೆಗಳೆಲ್ಲ ಮಲಯಾಳಂನಲ್ಲಿ ನಡೆಯುತ್ತವೆ.

ಅನ್ಯಭಾಷೆಯ ಪ್ರಮಾಣವಚನವೂ ಸುಲಭದ ಸಂಗತಿಯಲ್ಲ. 2021ರಲ್ಲಿ ದೇವಿಕುಳಂನ ಎ. ರಾಜಾ ತಮಿಳಿನಲ್ಲಿ ಪ್ರಮಾಣ ಮಾಡಿದರು. ಅವರಿಗೆ ಕೊಟ್ಟ ತಮಿಳು ಪಠ್ಯದಲ್ಲಿ, ದೇವರ ಹೆಸರಿನಲ್ಲಿ ಅಥವಾ ದೃಢವಾಗಿ ಪ್ರಮಾಣ ಮಾಡುತ್ತೇನೆ ಎಂಬ ಭಾಗವೇ ಬಿಟ್ಟುಹೋಗಿತ್ತು. ಕೆಲವು ದಿನಗಳ ನಂತರ ಅವರು ಮತ್ತೆ ಪ್ರಮಾಣ ಮಾಡಬೇಕಾಯಿತು. ಸರಿಯಾದ ಪ್ರಮಾಣವಿಲ್ಲದೆ ಸದನದಲ್ಲಿ ಕೂತ ದಿನಗಳಿಗೆ, ದಿನಕ್ಕೆ 500 ರೂಪಾಯಿಯಂತೆ ದಂಡವನ್ನೂ ಕಟ್ಟಬೇಕಾಯಿತು. ತಪ್ಪು ಅನುವಾದದ್ದು, ದಂಡ ಓದಿದವರಿಗೆ. ಅಲ್ಪಸಂಖ್ಯಾತ ಭಾಷೆಗೆ ಹಕ್ಕು ಕೊಟ್ಟರೆ ಸಾಲದು, ಅದನ್ನು ಬಲ್ಲ ಒಬ್ಬ ಸಿಬ್ಬಂದಿಯನ್ನೂ ಕೊಡಬೇಕು.

ಸದನದ ಹೊರಗೆ ಶಾಸಕರ ಕೈಯಲ್ಲಿರುವ ದೊಡ್ಡ ಅಸ್ತ್ರ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆಗೂ ತಮ್ಮ ಪ್ರದೇಶದ ಕಚೇರಿಗಳ ಜೊತೆಗೂ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎನ್ನುತ್ತದೆ ಅದು. ಕನ್ನಡದಲ್ಲಿ ಬರೆದ ಅರ್ಜಿಯನ್ನು ಓದಬಲ್ಲವರು ಮೇಜಿನ ಆಚೆ ಇದ್ದರೆ ಮಾತ್ರ ಇದಕ್ಕೆ ಜೀವ. 2014ರಲ್ಲಿ ಮಂಜೇಶ್ವರ ಪ್ರತ್ಯೇಕ ತಾಲ್ಲೂಕಾಗಿ ಉಪ್ಪಳದಲ್ಲಿ ಕಚೇರಿ ಬಂತು. ಕಚೇರಿ ಹತ್ತಿರವಾಯಿತು, ಆದರೆ ಅಲ್ಲಿ ಕನ್ನಡ ಬಲ್ಲ ನೌಕರ ಇರುತ್ತಾನೋ ಇಲ್ಲವೋ ಎಂಬುದು ಪ್ರತಿ ವರ್ಗಾವಣೆಯಲ್ಲೂ ಹೊಸದಾಗಿ ಏಳುವ ಪ್ರಶ್ನೆ.

ಶಾಲೆಗಳಲ್ಲಿ ಇದು ಇನ್ನೂ ತೀವ್ರ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದು, ಪೋಷಕರು ಪ್ರತಿಭಟಿಸಿದ ಪ್ರಸಂಗಗಳು ಕಾಸರಗೋಡಿನಲ್ಲಿ ಮತ್ತೆ ಮತ್ತೆ ನಡೆದಿವೆ. ಗಣಿತ ಕಲಿಯಬೇಕಾದ ಮಗು ಮೊದಲು ಮೇಷ್ಟ್ರ ಭಾಷೆಯನ್ನು ಊಹಿಸಬೇಕು. 2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲೂ ಮಲಯಾಳಂ ಕಲಿಕೆ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2025ರಲ್ಲಿ ವಿಧಾನಸಭೆ ಇನ್ನೊಂದು ಮಲಯಾಳಂ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಅದೇ ಆತಂಕ ಮರಳಿತು. ರಾಜ್ಯದ ಭಾಷೆಯನ್ನು ಕಲಿಯುವುದಕ್ಕೆ ಗಡಿನಾಡಿನ ಮಕ್ಕಳ ವಿರೋಧವಿಲ್ಲ, ಅವರು ಹುಟ್ಟಿನಿಂದಲೇ ಮೂರು ನಾಲ್ಕು ಭಾಷೆ ಆಡುವವರು. ತಮ್ಮ ಭಾಷೆಯ ಪಾಠದ ಗಂಟೆ ಸವೆಯುತ್ತದೆ ಎಂಬ ಭಯ ಅವರದು, ಮತ್ತು ಅದಕ್ಕೆ ಆಧಾರವಿದೆ.

ಆಸ್ಪತ್ರೆ ಮಂಗಳೂರಿನಲ್ಲಿ, ಫೈಲು ತಿರುವನಂತಪುರದಲ್ಲಿ

2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಹರಡುವ ಭಯದಲ್ಲಿ, ಕರ್ನಾಟಕ ಸರ್ಕಾರ ತಲಪಾಡಿಯ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಹೆರಿಗೆ, ಹೃದಯ, ಡಯಾಲಿಸಿಸ್ ಎಲ್ಲದಕ್ಕೂ ಮಂಗಳೂರೇ ಆಸರೆ. ಆಂಬುಲೆನ್ಸ್‌ಗಳು ಗಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ಜನ ಸತ್ತರು. ಅಡ್ಡಗಟ್ಟೆ ತೆಗೆಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ನಿಯಮಾವಳಿಗೆ ಒಪ್ಪಿಗೆಯಾಗಿದೆ ಎಂದು ಏಪ್ರಿಲ್ 7ರಂದು ಮುಗಿಯಿತು. ಬದಿಯಡ್ಕದ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾಗಿ ಕುಂಟುತ್ತಿದ್ದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆಗ ಅವಸರದಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದರು.

ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದವರ ಮಕ್ಕಳು, ಮೊಮ್ಮಕ್ಕಳ ಮುಂದೆ ಕರ್ನಾಟಕವೇ ಮಣ್ಣು ಸುರಿದದ್ದು ನಾವು ಈಚೆಯವರು ಮರೆಯಬಾರದ ಸಂಗತಿ. ಏಳು ವರ್ಷ ಆಸ್ಪತ್ರೆ ಕಟ್ಟಿ ಮುಗಿಸದ ಕೇರಳದ ಹೊಣೆಯೂ ಸಣ್ಣದಲ್ಲ.

ಇದೇ ಕ್ಷೇತ್ರದ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗದ ಕಥೆಯೂ ದೂರದ ಕಥೆಯೇ. ಸರ್ಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಇಲ್ಲಿನ ವಿಚಿತ್ರ ಕಾಯಿಲೆಗಳನ್ನು ಗುರುತಿಸಿ ಬರೆದವರು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಲೋಕಕ್ಕೆ ತಲುಪಿಸಿದವರು ಪತ್ರಕರ್ತ ಶ್ರೀಪಡ್ರೆ. ಊರವರ ಕೂಗು ಸುಪ್ರೀಂ ಕೋರ್ಟ್ ಮುಟ್ಟಿ ದೇಶಾದ್ಯಂತ ನಿಷೇಧವಾಗಲು 2011 ಬಂತು. ಬಾಧಿತರಿಗೆ ತಲಾ ಐದು ಲಕ್ಷ ಪರಿಹಾರ ಮೂರು ತಿಂಗಳೊಳಗೆ ಕೊಡಿ ಎಂದು ಅದೇ ಕೋರ್ಟ್ ಆದೇಶಿಸಿದ್ದು 2017ರಲ್ಲಿ. ಇಂಥ ತೋಟ ಶ್ರೀಕಾರ್ಯಂನ ಪಕ್ಕದಲ್ಲಿದ್ದರೆ ಹೆಲಿಕಾಪ್ಟರ್ ಇಷ್ಟು ವರ್ಷ ಹಾರುತ್ತಿತ್ತೇ?

ತಲಪಾಡಿಯ ಈಚೆಗಿರುವ ಕ್ಷೇತ್ರದಿಂದ ಗೆದ್ದ ಯು.ಟಿ. ಖಾದರ್ 2023ರ ಮೇ ತಿಂಗಳಿನಲ್ಲಿ ಕರ್ನಾಟಕ ವಿಧಾನಸಭೆಯ ಸ್ಪೀಕರ್ ಆದರು. ಅವರ ಮತದಾರರೂ ಮಂಜೇಶ್ವರದ ಮತದಾರರೂ ಒಂದೇ ಆಸ್ಪತ್ರೆ, ಒಂದೇ ಮೀನು ಮಾರುಕಟ್ಟೆ, ಒಂದೇ ಕಾಲೇಜಿಗೆ ಹೋಗುವವರು. ಮದುವೆ ಸಂಬಂಧಗಳೂ ಗಡಿ ದಾಟುತ್ತವೆ. ಆದರೂ ಎರಡು ಬದಿಯ ಶಾಸಕರು ತಮ್ಮ ಜನರ ಸಮಸ್ಯೆಯನ್ನು ಒಟ್ಟಿಗೆ ಕೂತು ಬಗೆಹರಿಸುವುದು ಇಂದಿಗೂ ಪರಿಚಯ, ಫೋನುಗಳ ಮೇಲೆ ನಿಂತಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಶಾಸಕರು, ಎರಡೂ ಜಿಲ್ಲಾಧಿಕಾರಿಗಳು, ಆರೋಗ್ಯ ಮತ್ತು ಶಿಕ್ಷಣ ಇಲಾಖೆಯ ಅಧಿಕಾರಿಗಳು ಇರುವ ಒಂದು ಕಾಯಂ ಜಂಟಿ ಸಮಿತಿಯನ್ನು ಎರಡೂ ಸರ್ಕಾರಗಳು ರಚಿಸಬೇಕು. ಮಂಗಳೂರಿನ ಆಸ್ಪತ್ರೆಯ ಬಿಲ್ಲು, ಕನ್ನಡ ಶಿಕ್ಷಕರ ತರಬೇತಿ, ಪಠ್ಯಪುಸ್ತಕದ ಸರಬರಾಜು, ಮುಂದೊಮ್ಮೆ ಗಡಿ ಮುಚ್ಚುವ ಸಂದರ್ಭ ಬಂದರೆ ಆಂಬುಲೆನ್ಸಿನ ದಾರಿ ಇವು ಅದರ ಮೊದಲ ಸಭೆಯ ವಿಷಯಗಳಾಗಬೇಕು. ಇದಕ್ಕೆ ಗಡಿ ಬದಲಿಸುವ ಅಗತ್ಯವಿಲ್ಲ, ಸಂಸತ್ತಿನ ಮಸೂದೆಯೂ ಬೇಡ. ತಿರುವನಂತಪುರ ಮತ್ತು ಬೆಂಗಳೂರಿನಿಂದ ತಲಾ ಒಂದು ಸರ್ಕಾರಿ ಆದೇಶ ಸಾಕು.